ಮಂಡೂಕಪೀಡಕ ಮಕ್ಷಿಕಾ ಮೀಮಾಂಸೆ

ಕಪ್ಪೆ ನೊಣವನ್ನು ತಿನ್ನುತ್ತದೆ ಎಂಬುದು ಲೋಕಸಮ್ಮತ. ನೊಣ ಕಪ್ಪೆಯನ್ನು ತಿನ್ನುತ್ತದೆ ಎಂಬುದು ಶಾಸ್ತ್ರಸಮ್ಮತ. ಹಾಗೆ ತಿನ್ನುವ ನೊಣಗಳ ಗೋತ್ರಪ್ರವರಗಳ ನಿರ್ಣಯವೇ ಈ ಗ್ರಂಥದ ವಿಷಯ. ಭೂತಗನ್ನಡಿ ಉಳ್ಳವರು ಇದನ್ನು ಓದಲು ಅಧಿಕಾರಿಗಳು. ಕಪ್ಪೆಗೆ ಅಧಿಕಾರವಿಲ್ಲ.

ಮೊದಲನೆಯವರು ನಾಸಿಕಾಮಾರ್ಗಿಗಳು. ಯುರೋಪಿನ ಲುಸಿಲಿಯಾ ಬುಫೊನಿವೊರಾ ಈ ಪಂಥದ ಮೂಲಪುರುಷ. ಮೊಟ್ಟೆಯಿಡುವವಳು ಅವಳೇ ಆದ್ದರಿಂದ ಮೂಲಸ್ತ್ರೀ ಎನ್ನುವುದೇ ಸರಿ. ಫ್ರಾನ್ಸಿನ ಮೊನಿಯೆ 1876ರಲ್ಲಿ ನಾಮಕರಣ ಮಾಡಿದರು. ಹಸಿರಾಗಿ ಮಿರುಗುವ ಈ ನೊಣ ಜೀವಂತ ನೆಲಗಪ್ಪೆಯ ಮೈಮೇಲೆ ಮೊಟ್ಟೆಯಿಡುತ್ತದೆ. ಮರಿಹುಳುಗಳು ಮೂಗಿನ ಹೊಳ್ಳೆಗೆ ನುಗ್ಗಿ ಒಳಗಿಂದಲೇ ತಿನ್ನತೊಡಗುತ್ತವೆ. ಕೆಲವೇ ದಿನಗಳಲ್ಲಿ ಕಪ್ಪೆ ಸಾಯುತ್ತದೆ. ಊಟ ಮಾತ್ರ ಮುಂದುವರಿಯುತ್ತದೆ.

ಎರಡನೆಯವರು ಪೃಷ್ಠವಾಸಿಗಳು. 1889ರಲ್ಲಿ ಸ್ಕ್ಯೂಸ್ ಸ್ಥಾಪಿಸಿದ ಆಸ್ಟ್ರೇಲಿಯಾದ ಬ್ಯಾಟ್ರಕೊಮಿಯಾ ಕುಲ ಇದು. ಹುಲ್ಲು, ಪೈರುಗಳ ಕಾಂಡ ಕೊರೆಯುವವರೇ ತುಂಬಿರುವ ಕ್ಲೋರೊಪಿಡೇ ಮನೆತನದಲ್ಲಿ ಹುಟ್ಟಿ, ಕಪ್ಪೆಯ ಬೆನ್ನಿನ ಚರ್ಮದಡಿ ಸೇರಿಕೊಂಡ ಕುಲಗೇಡಿಗಳು. ಬಲಿತ ಹುಳು ಚರ್ಮ ತೂರಿ ಹೊರಬಂದು ಮಣ್ಣಿಗೆ ಬಿದ್ದು ಕೋಶವಾಗುತ್ತದೆ. ಕಪ್ಪೆ ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ.

ಮರಗಪ್ಪೆಗಳ ನೊರೆಗೂಡಿಗೆ ನುಗ್ಗಿ ತತ್ತಿಗಳನ್ನೇ ಮುಗಿಸುವ ಏಷ್ಯಾದ ಕೈಯುಸಾ ನೊಣಗಳೂ ಇವೆ. ಕಪ್ಪೆ ಕಪ್ಪೆಯಾಗುವ ಮೊದಲೇ ತಿಂದವರನ್ನು ಪರಾವಲಂಬಿ ಎನ್ನಬಹುದೇ? ಈ ಚರ್ಚೆಯನ್ನು ಮುಂದಿನ ಸಂಪುಟಕ್ಕೆ ಇಟ್ಟಿದ್ದೇವೆ. ಆ ಸಂಪುಟ ಬರುವುದಿಲ್ಲ.

ಇಲ್ಲಿ ಪೂರ್ವಪಕ್ಷ: ನೊಣವನ್ನು ಆಚಾರದಿಂದಲೇ ವಿಂಗಡಿಸಿದರೆ ಸಾಲದೇ? ಸಾಲದು. ಲುಸಿಲಿಯಾ ಸಿಲ್ವಾರಮ್ ಎಂಬುದು ಯುರೋಪಿನಲ್ಲಿ ಬಹುಮಟ್ಟಿಗೆ ಹೆಣ ತಿಂದುಕೊಂಡಿರುವ ಸಾಧು ನೊಣ. ಉತ್ತರ ಅಮೆರಿಕದಲ್ಲಿ ಅದೇ ನೊಣ ಬದುಕಿರುವ ಕಪ್ಪೆಗಳಿಗೆ ಕೈ ಹಾಕುತ್ತದೆ. ಸಮುದ್ರೋಲ್ಲಂಘನದಿಂದ ಆಚಾರ ಕೆಡುತ್ತದೆ ಎಂದ ನಮ್ಮ ಹಿರಿಯರಿಗೆ ಇದಕ್ಕಿಂತ ಗಟ್ಟಿ ಪುರಾವೆ ಸಿಕ್ಕಿರಲಾರದು.

ಕುಲ ಒಡೆಯುವುದರಲ್ಲಿ ಅಮೆರಿಕದ ಕೀಟಶಾಸ್ತ್ರಜ್ಞ ಟೌನ್‌ಸೆಂಡ್ ಅವರನ್ನು ಮೀರಿಸಿದವರು ವಿರಳ. ಅಣ್ಣತಮ್ಮಂದಿರಿಗೆ ಪಾರೀಖತ್ತು ಬರೆಯುವ ಉತ್ಸಾಹದಲ್ಲಿ ಸಾವಿರಕ್ಕೂ ಹೆಚ್ಚು ಕುಲಗಳನ್ನು ಸೃಷ್ಟಿಸಿದರು. 1919ರಲ್ಲಿ ನಮ್ಮ ನಾಸಿಕಾಮಾರ್ಗಿಗೂ ಬುಫೊಲುಸಿಲಿಯಾ ಎಂಬ ಬೇರೆ ಮನೆ ಕಟ್ಟಿಕೊಟ್ಟರು. ಜಿಂಕೆಯನ್ನು ಪೀಡಿಸುವ ನೊಣವೊಂದು ಗಂಟೆಗೆ 800 ಮೈಲಿಗೂ ಮಿಗಿಲಾಗಿ ಹಾರುತ್ತದೆ ಎಂದವರೂ ಇವರೇ. ಆ ವೇಗದಲ್ಲಿ ನೊಣ ಗಾಳಿಯ ಒತ್ತಡಕ್ಕೇ ಜಜ್ಜಿಹೋಗುತ್ತದೆ ಎಂದು 1938ರಲ್ಲಿ ಲೆಕ್ಕ ಹಾಕಿ ತೋರಿಸಲು ನೊಬೆಲ್ ಪಡೆದ ಲ್ಯಾಂಗ್‌ಮ್ಯೂರ್ ಬರಬೇಕಾಯಿತು. ನೊಣಕ್ಕೆ ನೊಬೆಲ್ ವಿಜ್ಞಾನಿಯೇ ಬೇಕೇ ಎಂದು ಕೇಳುವವರು ಈ ಶಾಸ್ತ್ರದ ಗಾಂಭೀರ್ಯ ಅರಿಯದವರು.

1953ರಲ್ಲಿ ವೆನೆಜುವೆಲಾದ ಕಪ್ಪೆಪೀಡಕವೊಂದಕ್ಕೆ ಲೋಪೆಸ್ ಮತ್ತು ಫೋಗೆಲ್ಸಾಂಗ್ ಹೆಸರಿಟ್ಟರು: ನೋಟೊಕೀಟಾ ಬುಫೊನಿವೊರಾ. ಮನೆತನವೇ ಬೇರೆ, ಇದು ಸಾರ್ಕೊಫ್ಯಾಜಿಡೇ. ಹೆಸರಿನ ಉತ್ತರಾರ್ಧ ಮಾತ್ರ ಅದೇ. ಮಕ್ಷಿಕಾಸ್ಥಾನೇ ಮಕ್ಷಿಕಾ ಎಂಬ ನ್ಯಾಯ ಅಕ್ಷರಶಃ ಅನ್ವಯವಾದ ಪ್ರಸಂಗ ಇದೊಂದೇ ಇರಬೇಕು.

ಈಗ ಸಿದ್ಧಾಂತ. 2019ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನದ ಪ್ರಕಾರ ಕೊಲೆಗಡುಕ ಬುಫೊನಿವೊರಾ, ಸಾಧು ಸಿಲ್ವಾರಮ್ ಇಬ್ಬರೂ ಒಡಹುಟ್ಟಿದವರು. ಟೌನ್‌ಸೆಂಡ್ ಕಟ್ಟಿಕೊಟ್ಟ ಮನೆ ಖಾಲಿಯಾಗಿ, ನೊಣ ಲುಸಿಲಿಯಾಕ್ಕೇ ಮರಳಿದೆ. ಬೆಳೆದ ನೊಣದ ರೋಮ ಎಣಿಸಿ ಕುಲ ಹೇಳಬಹುದು. ಅದರ ಬಾಲ್ಯ ಕಪ್ಪೆಯ ಮೂಗಿನಲ್ಲಿ ಕಳೆಯಿತೋ ಹೆಣದ ಮೇಲೋ ಎಂದು ರೋಮ ಹೇಳುವುದಿಲ್ಲ. ಸಂಗ್ರಹಾಲಯದವರಲ್ಲಿ ಒಂದೇ ವಿನಂತಿ: ಸಾಕಿ ಹೊರತಂದ ನೊಣಕ್ಕೆ ಸೂಜಿ ಚುಚ್ಚುವಾಗ, ಕೆಳಗಿನ ಚೀಟಿಯಲ್ಲಿ ತಮ್ಮ ಹೆಸರಿನ ಜೊತೆಗೆ ಕಪ್ಪೆಯ ಹೆಸರನ್ನೂ ದಯವಿಟ್ಟು ಬರೆಯಿರಿ.