ಮೂರೋ ನಾಲ್ಕೋ

2024ಕ್ಕೆ ನಮ್ಮ ಮನೆಯ ಮಾರುತಿ 800ಕ್ಕೆ ಇಪ್ಪತ್ತೈದು ತುಂಬಿತು. ಇಪ್ಪತ್ತೈದು ತುಂಬಿದ ಮಗನಿಗೆ ಹೆಣ್ಣು ಹುಡುಕುತ್ತಾರೆ. ಕಾರಿಗಾದರೆ ಆರ್‌ಟಿಓ ಕಚೇರಿಯ ದಾರಿ. ಹದಿನೈದು ದಾಟಿದ ಕಾರು ಐದು ವರ್ಷಕ್ಕೊಮ್ಮೆ ಅಲ್ಲಿ ಹೋಗಿ ನಿಂತು ‘ಇನ್ನೂ ಇದ್ದೇನೆ’ ಎಂದು ತೋರಿಸಬೇಕು, ಪಿಂಚಣಿಯವರು ನವೆಂಬರಿನಲ್ಲಿ ಬ್ಯಾಂಕಿಗೆ ಹೋಗಿ ನಿಂತಂತೆ. ಹಿಂದಿನ ಸಲ ಈ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ ಅದು 5,000 ಆಗಿತ್ತು. ಅದರ ಮೇಲೆ ಹಸಿರು ತೆರಿಗೆ. ಕಾರಿನ ಬಣ್ಣವೂ ಹಸಿರಾಗಿದ್ದರೆ ರಿಯಾಯಿತಿ ಉಂಟೋ ಎಂದು ಅಪ್ಪಯ್ಯ ವಿಚಾರಿಸಿದರು. ಇಲ್ಲವಂತೆ.

“ಸರಿ, ಹೊಸ ಕಾರು ತಗೊ,” ಎಂದರು ಕೊನೆಗೆ. “ಆದ್ರೆ ಹಳೇದನ್ನೇ ತಗೊ.”

ಕೇಳಲು ಒಗಟಿನಂತಿದ್ದರೂ ಆ ನವೆಂಬರಿನಲ್ಲಿ ಅದು ಸಾಧ್ಯವಿತ್ತು. ಹೊಸ ಡಿಜೈರ್ ಆಗಷ್ಟೇ ಬಿಡುಗಡೆಯಾಗಿತ್ತು. ಶಿವಮೊಗ್ಗದ ಷೋರೂಮಿನ ಗಾಜಿನೊಳಗೆ ಅದು ದೀಪ ಹಚ್ಚಿಕೊಂಡು ತಿರುಗುತ್ತಿದ್ದರೆ, ಹಿಂಬದಿಯ ಅಂಗಳದಲ್ಲಿ ಹಳೆ ಮಾಡೆಲ್ಲಿನವು ಮೂರು, ಒಂದು ಕಿಲೋಮೀಟರೂ ಓಡದೆ ಮುದುಕರಾದಂಥವು, ಧೂಳು ಹೊದ್ದು ನಿಂತಿದ್ದವು. ಅವಕ್ಕೆ ಒಳ್ಳೆಯ ರಿಯಾಯಿತಿ. ನನಗೆ ಒಳಗೊಳಗೇ ಅವುಗಳ ಮೇಲೆ ಕಣ್ಣು. ಕಾರಣ ರಿಯಾಯಿತಿಯೊಂದೇ, ಆದರೆ ಕೇಳಿದವರಿಗೆಲ್ಲ ‘ನಾಲ್ಕು ಸಿಲಿಂಡರಿನ ಇಂಜಿನ್ನಿನ ನಯವೇ ಬೇರೆ’ ಎನ್ನುತ್ತಿದ್ದೆ.

ಇದನ್ನು ಅಪ್ಪಯ್ಯನ ಎದುರು ಆಡಿದ್ದೇ ತಪ್ಪಾಯಿತು. ಹಳೆಯದಕ್ಕೆ ನಾಲ್ಕು ಸಿಲಿಂಡರ್, ಹೊಸದಕ್ಕೆ ಮೂರು ಎಂದು ತಿಳಿದದ್ದೇ ತಡ, ಅವರು ಎದ್ದು ಕೂತರು. “ಮೂರು ಕಾಲಿನ ದನ ಯಾರಾದ್ರೂ ಕೊಳ್ತಾರೇನೋ?” ಷೋರೂಮಿನ ಹುಡುಗ ಕೊಟ್ಟ ಬಣ್ಣದ ಕಾಗದವನ್ನು ಕನ್ನಡಕ ಹಾಕಿ ಓದಿದರು. ಹಳೆಯದರ ಶಕ್ತಿ 90 ಕುದುರೆ, ಹೊಸದರದು 82. “ಎಂಟು ಕುದುರೆ ಎಲ್ಲಿ ಹೋದ್ವು?” ಲೀಟರಿಗೆ 24.79 ಕಿಲೋಮೀಟರ್ ಕೊಡುತ್ತದೆ ಎಂದು ಹುಡುಗ ಸಮಾಧಾನ ಹೇಳಿದ. “ಎಂಟು ಕುದುರೆಗೆ ಮೇವು ಹಾಕೋದು ತಪ್ಪಿದ್ಮೇಲೆ ಅಷ್ಟು ಉಳಿಯದೆ ಇರ್ತದಾ?”

ನನ್ನ ಹೆಂಡತಿಯ ಲೆಕ್ಕ ಬೇರೆ. ಹಳೆಯದಕ್ಕೆ ಎರಡು ಏರ್‌ಬ್ಯಾಗು, ಹೊಸದಕ್ಕೆ ಆರು. “ರೀ, ಆ ಎರಡು ಯಾರಿಗೆ?” ಮುಂದೆ ಕೂತವರಿಗೆ ಎಂದೆ. “ಅಂದ್ರೆ ನಿಮಗೂ ನಿಮ್ಮ ಅಪ್ಪಯ್ಯಂಗೂ.” ನಮ್ಮ ಮನೆಯಲ್ಲಿ ಮುಂದಿನ ಸೀಟು ಅಪ್ಪಯ್ಯನ ಪಿತ್ರಾರ್ಜಿತ ಆಸ್ತಿ. ಹಿಂದೆ ಅಮ್ಮ, ಇವಳು, ಮಗಳು. ಹೆಂಗಸರಿಗೆ ಗಾಳಿಯ ಚೀಲವೂ ಇಲ್ಲವೇ ಎಂಬ ಈ ಪ್ರಶ್ನೆಗೆ ನಾಲ್ಕು ಸಿಲಿಂಡರಿನ ನಯದಲ್ಲಿ ಉತ್ತರ ಸಿಗಲಿಲ್ಲ. ಗ್ಲೋಬಲ್ ಎನ್‌ಕ್ಯಾಪ್‌ನವರು ಹೊಸದನ್ನು ಗೋಡೆಗೆ ಗುದ್ದಿಸಿ ನೋಡಿ, ದೊಡ್ಡವರ ರಕ್ಷಣೆಗೆ ಐದು ನಕ್ಷತ್ರ ಕೊಟ್ಟಿದ್ದಾರೆ ಎಂದೂ ಸೇರಿಸಿದಳು.

“ಐದೇ? ಇಪ್ಪತ್ತೇಳು ಇರ್ಬೇಕಲ್ಲ,” ಎಂದರು ಅಪ್ಪಯ್ಯ.

ಮಗಳಿಗೆ ಸನ್‌ರೂಫ್ ಬೇಕು. ಅದು ಇರುವುದು ಹೊಸದರಲ್ಲಿ, ಅದೂ ಎಲ್ಲಕ್ಕಿಂತ ದುಬಾರಿಯದರಲ್ಲಿ. ಆಗುಂಬೆ ಮಗ್ಗುಲಲ್ಲಿ ಮನೆ ಇಟ್ಟುಕೊಂಡವರಿಗೆ ಕಾರಿನ ಮಾಡಿನಲ್ಲಿ ಕಿಟಕಿ! “ತೂತಿಗೆ ಹೆಚ್ಚಿಗೆ ದುಡ್ಡು ಎಂತಕ್ಕೆ ಪುಟ್ಟಿ? ನಮ್ಮ ಮಾಳಿಗೆ ಪುಕ್ಕಟೆ ಸೋರ್ತದೆ,” ಎಂದು ಮೊಮ್ಮಗಳಿಗೆ ತಿಳಿಹೇಳಿದರು. ನಮ್ಮ ಅಡಿಕೆ ತೋಟದ ಮಂಗಗಳು ಅದನ್ನು ಹೇಗೆ ಬಳಸಿಕೊಳ್ಳಬಹುದು ಎಂಬ ಯೋಚನೆ ನನಗೂ ಬಂತು.

ಅಮ್ಮ ಇದ್ಯಾವುದಕ್ಕೂ ತಲೆ ಹಾಕಲಿಲ್ಲ. ಸೀದಾ ಹೋಗಿ ಡಿಕ್ಕಿ ತೆಗೆಸಿದಳು. ಡಿಜೈರಿನ ಡಿಕ್ಕಿಗೆ ಒಂದು ದುಃಖದ ಕಥೆ ಉಂಟು. 2008ರಲ್ಲಿ ಬಂದಾಗ ಅದಕ್ಕೆ ಉದ್ದ ಬಾಲವಿತ್ತು. ನಾಲ್ಕು ಮೀಟರಿನೊಳಗಿನ ಸಣ್ಣ ಕಾರಿಗೆ ಸುಂಕ ಕಡಿಮೆ ಎಂಬ ಕಾರಣಕ್ಕೆ 2012ರಲ್ಲಿ ಬಾಲ ಮೊಟಕಾಯಿತು. ಈಗಲೂ ಅದರ ಉದ್ದ 3,995 ಮಿಲಿಮೀಟರ್. ಸರಕಾರಕ್ಕೆ ಐದು ಮಿಲಿಮೀಟರ್ ಬಿಟ್ಟುಕೊಟ್ಟಿದ್ದಾರೆ.

“ಎಷ್ಟು ಹಿಡೀತದೆ?” ಎಂದಳು ಅಮ್ಮ.

“382 ಲೀಟರ್, ಅಮ್ಮಾ.”

“ನಾನು ಹಾಲು ಕೇಳಲಿಲ್ಲ ಮಗಾ. ಹಲಸಿನಹಣ್ಣು ಎಷ್ಟು ಹಿಡೀತದೆ?”

ತರಬೇತಿಯಲ್ಲಿ ಈ ಪಾಠ ಇರಲಿಲ್ಲವೆಂದು ಕಾಣುತ್ತದೆ, ಹುಡುಗ ಮೌನವಾದ. ಹಳೆಯದು 378 ಲೀಟರ್. ನಾಲ್ಕು ಲೀಟರಿನ ವ್ಯತ್ಯಾಸವೆಂದರೆ ಒಂದು ಮಿಡಿ ಉಪ್ಪಿನಕಾಯಿ ಜಾಡಿ ಎಂದು ನಾನೇ ಅನುವಾದ ಮಾಡಿ ಹೇಳಿದೆ. ಅಮ್ಮ ಹೊಸದರ ಕಡೆಗಾದಳು.

ಅಲ್ಲಿಗೆ ಮನೆಯ ಹೆಂಗಸರೆಲ್ಲ ಹೊಸದು, ಗಂಡಸರು ಹಳೆಯದು. ಇಂಥ ಚುನಾವಣೆಯಲ್ಲಿ ಗೆದ್ದ ಅನುಭವ ನನಗಂತೂ ಇಲ್ಲ. ಮುಂಗಡ ಕೊಟ್ಟದ್ದು ಹೊಸದಕ್ಕೇ, ಸನ್‌ರೂಫ್ ಇಲ್ಲದ್ದಕ್ಕೆ. ಮಗಳು ಎರಡು ದಿನ ಮಾತು ಬಿಟ್ಟಳು. ಅಪ್ಪಯ್ಯ ಬಿಡಲಿಲ್ಲ, ‘ಮೂರು ಕಾಲು’ ಎಂದು ದಿನಕ್ಕೆರಡು ಸಲ ನೆನಪಿಸುತ್ತಿದ್ದರು.

ಹಳೆ 800ನ್ನು ಒಯ್ಯಲು ಊರಿನ ಮೆಕ್ಯಾನಿಕ್ ಬಂದ. ಅದರ ಕಾಯಿಲೆ ಕಸಾಲೆ ಎಲ್ಲ ಬಲ್ಲ ಮನುಷ್ಯ. ಅಪ್ಪಯ್ಯ ಅವನೆದುರೂ ಅದೇ ರಾಗ ತೆಗೆದರು. ಅವನು ಬಾಯಲ್ಲಿದ್ದ ಎಲೆಯಡಿಕೆಯನ್ನು ಪಕ್ಕಕ್ಕೆ ಸರಿಸಿ, “ಅಯ್ಯಾ, ಇದಕ್ಕೂ ಮೂರೇ ಅಲ್ವಾ,” ಎಂದ.

“ಯಾವುದಕ್ಕೆ?”

“ಇದೇ 800ಕ್ಕೆ. 796 ಸಿಸಿ, ಮೂರು ಸಿಲಿಂಡರು. ಇಪ್ಪತ್ತೈದು ವರ್ಷ ನೀವು ಓಡ್ಸಿದ್ದು ಮೂರ್ರಲ್ಲೇ.”

ಅಪ್ಪಯ್ಯ ಮಾತಾಡಲಿಲ್ಲ. ಪಂಚೆ ಎತ್ತಿ ಕಟ್ಟಿ, ಕಾರಿನ ಬಳಿ ಹೋಗಿ, ಬಾನೆಟ್ ಎತ್ತಿ ಬಗ್ಗಿದರು. ಪ್ಲಗ್ಗಿನ ಕಪ್ಪು ವೈರುಗಳೆಲ್ಲ ಹೊರಡುವ ಡಿಸ್ಟ್ರಿಬ್ಯೂಟರಿನ ಮುಚ್ಚಳದ ಮೇಲೆ ಬೆರಳಿಟ್ಟು ಎಣಿಸಿದರು. ಒಂದು, ಎರಡು, ಮೂರು.

“ನಾಲ್ಕು!” ಎಂದು ತಲೆ ಎತ್ತಿದರು. “ಬಾ ಇಲ್ಲಿ, ನೋಡು ಮಾರಾಯ, ನಾಲ್ಕು!”

ನಡುವಿನ ಆ ನಾಲ್ಕನೆಯದು ಕಾಯಿಲ್‌ನಿಂದ ಬರುವ ವೈರು. ಅದು ಮೆಕ್ಯಾನಿಕ್ಕಿಗೂ ಗೊತ್ತು, ನನಗೂ ಗೊತ್ತು. ಅವನು ನನ್ನ ಮುಖ ನೋಡಿದ. ಆಮೇಲೆ ಅಂಗಳದ ಅಂಚಿಗೆ ಹೋಗಿ, ನಿಧಾನವಾಗಿ ಎಲೆಯಡಿಕೆ ಉಗಿದು ಬಂದು, “ಹೌದಯ್ಯಾ, ನಾಲ್ಕೇ,” ಎಂದ.