ನಕ್ಷತ್ರದವರಿಗೆ ಮುಶಿಗೇರಿಯಿಂದ ಒಂದು ಬಹಿರಂಗ ಪತ್ರ

ಇವರಿಗೆ,
ಶ್ರೀಮಾನ್ ಬುಕ್‌ಮಾರ್ಕ್ ಸಾಹೇಬರು,
ವಿಳಾಸಪಟ್ಟಿಯ ಮೂಲೆ, ನಕ್ಷತ್ರ ಚಿಹ್ನೆಯ ಹಿಂದೆ, ಬ್ರೌಸರ್.

ಮಾನ್ಯರೇ,

ಗಜೇಂದ್ರಗಡ ಸೀಮೆಯ ಮುಶಿಗೇರಿಯಲ್ಲಿ ಒಬ್ಬ ಕಡಲೆ ಬೆಳೆಗಾರ ಇದ್ದಾನೆಂದು ಇಟ್ಟುಕೊಳ್ಳಿ. ಎರಿ ಹೊಲ, ಹಿಂಗಾರಿ ಬೆಳೆ, ಕಿಸೆಯಲ್ಲಿ ಫೋನು. ಹೋದ ವರ್ಷ ಕಡಲೆಗೆ ಸಿಡಿ ರೋಗ ಬಿದ್ದಾಗ ಟ್ರೈಕೋಡರ್ಮಾ ಬೀಜೋಪಚಾರದ ಬಗ್ಗೆ ಒಂದು ಒಳ್ಳೆಯ ಪುಟ ಅವನ ಕಣ್ಣಿಗೆ ಬಿತ್ತು. ತಮ್ಮ ನಕ್ಷತ್ರ ಒತ್ತಿದ. ಅದು ಬಣ್ಣ ತುಂಬಿಕೊಂಡಿತು, ಇವನ ಜೀವಕ್ಕೆ ತಂಪಾಯಿತು. ಈ ವರ್ಷ ಬಿತ್ತನೆಗೆ ಮೊದಲು ತಮ್ಮ ಪಟ್ಟಿಯಲ್ಲಿ ‘ಕಡಲೆ’ ಎಂದು ಹುಡುಕಿದ. ಏನೂ ಇಲ್ಲ ಅಂದಿರಿ.

ತಾವು ಸುಳ್ಳು ಹೇಳಲಿಲ್ಲ, ಅದೇ ದೊಡ್ಡ ತಮಾಷೆ. ತಾವು ಹುಡುಕುವುದು ಪುಟದ ಹೆಸರಿನಲ್ಲಿ ಮತ್ತು ವಿಳಾಸದಲ್ಲಿ ಮಾತ್ರ. ಪುಟದ ಒಳಗೆ ಕಡಲೆ ಇದೆಯೋ ಜೋಳ ಇದೆಯೋ ತಮಗೆ ಸಂಬಂಧವಿಲ್ಲ. ಆ ಪುಟಕ್ಕೆ ಅದನ್ನು ಮಾಡಿದವರು ಇಟ್ಟ ಹೆಸರು ‘ಹೋಮ್’. ರೈತನ ಪಟ್ಟಿಯಲ್ಲಿ ‘ಹೋಮ್’ ಹೆಸರಿನವೇ ಹನ್ನೊಂದಿವೆ. ಒಂದು ಪಹಣಿಯದು, ಒಂದು ಬೆಳೆವಿಮೆಯದು, ಒಂದು ಮಗಳ ಕಾಲೇಜಿನದು. ಉಳಿದವು ಯಾರವೋ, ತೆಗೆದು ನೋಡಿದರೇ ಗೊತ್ತು.

ಬರೆದಿಟ್ಟದ್ದನ್ನು ಬೇಕಾದಾಗ ಹುಡುಕಿ ಕೊಡುವ ಕೆಲಸವನ್ನು ತಮಗಿಂತ ಮೊದಲೇ ಇಲ್ಲಿನ ದಲಾಲಿ ಅಂಗಡಿಗಳು ಮಾಡಿ ತೋರಿಸಿವೆ. ಗುಮಾಸ್ತ ಗಾದಿಯ ಮೇಲೆ ಕೂತು ದಿನದ ವ್ಯವಹಾರವನ್ನೆಲ್ಲ ಬಂದ ಸರದಿಯಲ್ಲೇ ಕಿರ್ದಿಗೆ ಬರೆಯುತ್ತಿದ್ದ. ಆದರೆ ಕಿರ್ದಿಯಲ್ಲಿ ಬರೆದದ್ದು ಕಿರ್ದಿಯಲ್ಲೇ ಉಳಿದರೆ ಸಾಲ ವಸೂಲಾದಂತೆಯೇ! ಅದಕ್ಕೆ ಇನ್ನೊಂದು ಪುಸ್ತಕ, ಖತಾವಣಿ. ಅದರಲ್ಲಿ ಹೆಸರಿಗೊಂದು ಖಾತೆ, ಪಕ್ಕದಲ್ಲಿ ಕಿರ್ದಿಯ ಪುಟದ ನಂಬರು. ಮೂರು ವರ್ಷದ ಹಿಂದಿನ ಉಳ್ಳಾಗಡ್ಡಿ ಚೀಲದ ಲೆಕ್ಕ ಕೇಳಿದರೂ ಗುಮಾಸ್ತ ಬೆರಳಿಗೆ ಎಂಜಲು ಹಚ್ಚಿ ನಾಲ್ಕು ಹಾಳೆ ತಿರುವುವಷ್ಟರಲ್ಲಿ ಸಿಗುತ್ತಿತ್ತು. ತಾವು ಖತಾವಣಿಯ ರಟ್ಟು ಹಾಕಿಕೊಂಡು ಒಳಗೆ ಕಿರ್ದಿ ಬರೆಯುತ್ತಿದ್ದೀರಿ.

ತಮ್ಮ ವಂಶಾವಳಿ ದೊಡ್ಡದೇ. 1993ರ ಮೊಸಾಯಿಕ್ ಬ್ರೌಸರಿನಲ್ಲಿ ತಾವು ‘ಹಾಟ್‌ಲಿಸ್ಟ್’, ನೆಟ್‌ಸ್ಕೇಪಿನ ಕಾಲಕ್ಕೆ ‘ಬುಕ್‌ಮಾರ್ಕ್’, ಮೈಕ್ರೋಸಾಫ್ಟ್ ಮನೆಯಲ್ಲಿ ‘ಫೇವರಿಟ್ಸ್’. ಹೆಸರು ಮೂರಾದವು.

ಈ ನಾಡಿನಲ್ಲಿ ಗ್ರಂಥಾಲಯದ ಪಾಠ ಹೇಳಿದವರು ಎಸ್. ಆರ್. ರಂಗನಾಥನ್. 1962ರಲ್ಲಿ ಬೆಂಗಳೂರಿನಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದರು, 1972ರಲ್ಲಿ ಅದೇ ಊರಿನಲ್ಲಿ ತೀರಿಕೊಂಡರು. ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ವೇಳೆ ಉಳಿಸುವುದರ ಬಗ್ಗೆ. ತಮ್ಮ ಗುಂಡಿಯ ಮೇಲೂ ‘ಉಳಿಸು’ ಎಂದೇ ಇದೆ. ಏನನ್ನು ಎಂದು ತಾವು ಹೇಳಿಲ್ಲ.

ಇನ್ನು ಪುಟವೇ ಊರು ಬಿಟ್ಟರೆ? ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಲ್ಲಿ ಸಾವಿರಾರು ಹಳೆಯ ಕನ್ನಡ ಪುಸ್ತಕಗಳು ಸ್ಕ್ಯಾನ್ ಆಗಿ ಕೂತಿದ್ದವು. ಕೃತಿಸ್ವಾಮ್ಯದ ತಕರಾರಿನಲ್ಲಿ 2017ರ ಹೊತ್ತಿಗೆ ಅದು ಬಾಗಿಲು ಹಾಕಿತು. ಓದುಗರು ಜೋಪಾನವಾಗಿ ಗುರುತಿಟ್ಟುಕೊಂಡಿದ್ದ ಕೊಂಡಿಗಳೆಲ್ಲ ಒಮ್ಮೆಗೇ ಸತ್ತವು. ಪ್ರತಿಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಬದುಕಿಕೊಂಡವು, ಆದರೆ ಹೆಸರುಗಳು ರೋಮನ್ ಲಿಪಿಯಲ್ಲಿ, ಕಾಗುಣಿತ ಕಳೆದುಕೊಂಡು. ಸಂಚಯ ಬಳಗದವರು ಓದುಗರನ್ನೇ ಕೂಡಿಸಿಕೊಂಡು ಅವನ್ನು ಕನ್ನಡ ಲಿಪಿಗೆ ತಂದು ಹುಡುಕುವ ಹಾಗೆ ಮಾಡಿದರು. ಆ ಖತಾವಣಿ ಬರೆದದ್ದು ತಾವಲ್ಲ, ಮನುಷ್ಯರು. ಓದಲು ಎತ್ತಿಟ್ಟುಕೊಳ್ಳುವುದಕ್ಕೆಂದೇ 2007ರಲ್ಲಿ ಹುಟ್ಟಿದ ‘ಪಾಕೆಟ್’ ಕೂಡ 2025ರ ಜುಲೈ 8ರಂದು ಮುಚ್ಚಿಹೋಯಿತು. ರೋಣ ಸೀಮೆಯ ಸೂಡಿಯಲ್ಲಿ ಚಾಲುಕ್ಯರ ಅಕ್ಕಾದೇವಿಯ ಹೆಸರು ಹನ್ನೊಂದನೆಯ ಶತಮಾನದ ಕಲ್ಲಿನ ಮೇಲೆ ಇನ್ನೂ ಇದೆ. ಕಲ್ಲಿಗೆ ಅಪ್‌ಡೇಟ್ ಇಲ್ಲ ನೋಡಿ.

ನ್ಯಾಯ ಹೇಳಬೇಕೆಂದರೆ ತಮ್ಮಲ್ಲಿ ಸೌಕರ್ಯಗಳಿಲ್ಲ ಎಂದಲ್ಲ. ನಕ್ಷತ್ರ ಒತ್ತಿದ ಮೇಲೆ ಹೆಸರು ತಿದ್ದಬಹುದು: ‘ಹೋಮ್’ ಅಳಿಸಿ ‘ಕಡಲೆ ಸಿಡಿ ರೋಗ ಬೀಜೋಪಚಾರ’ ಎಂದು ಅಚ್ಚ ಕನ್ನಡದಲ್ಲೇ ಬರೆದರೆ ಮುಂದಿನ ವರ್ಷ ಹುಡುಕಾಟಕ್ಕೆ ಸಿಗುತ್ತದೆ. ‘ಹೊಲ’, ‘ಮನಿ’, ‘ಸಾಲಿ’ ಎಂದು ಫೋಲ್ಡರ್ ಮಾಡಬಹುದು. ಫೈರ್‌ಫಾಕ್ಸಿನ ಕಂಪ್ಯೂಟರ್ ಆವೃತ್ತಿಯಲ್ಲಿ ಒಂದೇ ಪುಟಕ್ಕೆ ಹಲವು ಟ್ಯಾಗ್ ಕಟ್ಟಬಹುದು. ಕ್ರೋಮ್‌ನಲ್ಲಿ ಕಂಟ್ರೋಲ್, ಶಿಫ್ಟ್, ಓ ಮೂರನ್ನೂ ಒಟ್ಟಿಗೆ ಒತ್ತಿದರೆ ಇಡೀ ದಫ್ತರವೇ ತೆರೆದುಕೊಳ್ಳುತ್ತದೆ; ಅಲ್ಲಿಂದ ಇಡೀ ಪಟ್ಟಿಯನ್ನು ಒಂದು ಫೈಲಾಗಿ ಇಳಿಸಿ ಇಟ್ಟುಕೊಳ್ಳಲೂ ಬರುತ್ತದೆ. ಆದರೆ ಮೂರು ಬೆರಳಿನ ಈ ಮಂತ್ರ ಎರಿ ಹೊಲದ ಬದುವಿನ ಮೇಲೆ ಫೋನ್ ಹಿಡಿದು ನಿಂತವನಿಗೆ ಏನು ಕೆಲಸಕ್ಕೆ ಬಂತು? ಫೋನಿನಲ್ಲಿ ಮೂರು ಚುಕ್ಕಿ ಒತ್ತಿ, ಪಟ್ಟಿ ತೆಗೆದು, ಮತ್ತೆ ಮೂರು ಚುಕ್ಕಿ ಒತ್ತಿ ಒಂದೊಂದೇ ತಿದ್ದುತ್ತ ಕೂರಬೇಕು.

ಆದ್ದರಿಂದ ರೈತನ ಅರ್ಜಿ ಸಣ್ಣದು. ನಕ್ಷತ್ರ ಮಿನುಗುವ ಮೊದಲು ಒಂದು ಮಾತು ಕೇಳಿ: “ಇದಕ್ಕ ಏನಂತ ಹೆಸರಿಡ್ಲಿ?” ಗುಮಾಸ್ತ ಕೇಳದೆ ಖಾತೆ ತೆರೆಯುತ್ತಿರಲಿಲ್ಲ. ಹಿಂಗಾರಿ ಬಿತ್ತನೆ ಹತ್ತಿರ ಬಂದಿದೆ, ‘ಹೋಮ್’ ಹನ್ನೊಂದಿವೆ. ಬೇಗ ಉತ್ತರ ಬರೆಯಿರಿ.