ಪುಕ್ಕಟೆ ಮುಖ

ಮಾಡೆಲ್‌ಗೆ ದುಡ್ಡು ಕೊಡುವ ತಾಕತ್ತಿಲ್ಲದ ಕಲಾವಿದನಿಗೆ ಪುಕ್ಕಟೆ ಸಿಗುವ ಮುಖ ಒಂದೇ, ಅವನದ್ದು. ಕರೆದಾಗ ಬರುತ್ತದೆ, ಹೊತ್ತುಹೊತ್ತಿಗೆ ಕಾಫಿ ಕೇಳುವುದಿಲ್ಲ, ‘ನನ್ನ ಹಾಗೇ ಇಲ್ಲವಲ್ಲ’ ಎಂದು ತಕರಾರು ತೆಗೆಯುವುದಿಲ್ಲ. ತಕರಾರು ತೆಗೆಯಲು ಮನೆಯಲ್ಲಿ ಬೇರೆಯವರಿದ್ದಾರೆ.

ಅಟ್ಟ ಗುಡಿಸುವಾಗ ಕಾಲೇಜು ದಿನಗಳಲ್ಲಿ ಬರೆದ ನನ್ನದೇ ಚಿತ್ರ ಸಿಕ್ಕಿತು. ಈಚೆಗೆ ಬರೆದದ್ದು ಈಸೆಲ್ ಮೇಲೆ ಒಣಗುತ್ತಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟೆ. ಹಳೆಯದರಲ್ಲೊಬ್ಬ ತರುಣ. ಕಿವಿ ಮುಚ್ಚುವ ಕ್ರಾಪು, ಕುರುಚಲು ಗಡ್ಡ, ಅರ್ಧ ಮುಖಕ್ಕೆ ನೆರಳು, ಲೋಕದ ದುಃಖವನ್ನೆಲ್ಲ ಗುತ್ತಿಗೆ ಹಿಡಿದಂಥ ನೋಟ. ಆ ವಯಸ್ಸಿನಲ್ಲಿ ನನಗಿದ್ದ ದುಃಖ ಹಾಸ್ಟೆಲ್ಲಿನ ನೀರು ಸಾರೊಂದೇ. ತಲೆಗೂದಲಿಗೇ ಕಪ್ಪು ಬಣ್ಣದ ಟ್ಯೂಬೊಂದು ಖಾಲಿಯಾಗಿರಬೇಕು. ಈಗ ಕಪ್ಪಿನ ಖರ್ಚಿಲ್ಲ, ಬಿಳಿಯದ್ದೂ ಕಿವಿಯ ಅಕ್ಕಪಕ್ಕ ಮಾತ್ರ.

ನನ್ನಾಕೆ ಬಂದು ಹಳೆಯದನ್ನು ದಿಟ್ಟಿಸಿದಳು. “ಯಾರ್ರೀ ಇದು? ಸಿನಿಮಾದವರ ಹಾಗಿದ್ದಾರೆ.” ಹೊಸದರತ್ತ ತಿರುಗಿ, “ಮಾವನವರದ್ದು ಬಹಳ ಚೆನ್ನಾಗಿ ಬಂದಿದೆ” ಎಂದಳು.

ದೊಡ್ಡವರ ಪಾಡು ಬೇರೆಯೇನಲ್ಲ. ಡಚ್ಚರ ರೆಂಬ್ರಾಂಟ್ ನಲವತ್ತು ವರ್ಷ ತನ್ನ ಮುಖವನ್ನು ಬಿಡದೆ ಬರೆದವನು. ಅಂಥ ಎರಡು ಮುಖಗಳು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿವೆ. 1640ರದ್ದರಲ್ಲಿ ಅವನಿಗೆ 34. ಕೈಯಲ್ಲಿ ಕಾಸಾಡುತ್ತಿದ್ದ ಕಾಲ. ವೆಲ್ವೆಟ್ಟು, ತುಪ್ಪಳ, ಕಟ್ಟೆಗೆ ಮೊಣಕೈ ಊರಿದ ಗತ್ತು. ಉಡುಪು ನೂರು ವರ್ಷ ಹಿಂದಿನ ಫ್ಯಾಷನ್ನು, ಗತ್ತು ಟಿಷಿಯನ್ನನ ಚಿತ್ರದಿಂದ ತಂದ ಎರವಲು, ಮುಖವೊಂದು ಸ್ವಂತದ್ದು. 1656ರಲ್ಲಿ ದಿವಾಳಿ ಎದ್ದ, ಸಾಮಾನೆಲ್ಲ ಹರಾಜಾಯಿತು. 1669ರಲ್ಲಿ, ತೀರಿಕೊಂಡ ವರ್ಷವೇ, 63ರ ಮುಖ ಬರೆದ. ಉಬ್ಬಿದ ಮೂಗು, ಜೋತ ಕೆನ್ನೆ, ಸುಮ್ಮನೆ ಕಟ್ಟಿಕೊಂಡ ಕೈ. ಎಕ್ಸ್‌ರೇ ತೆಗೆದು ನೋಡಿದರೆ ಮೊದಲು ಆ ಕೈಯಲ್ಲಿ ಕುಂಚವಿತ್ತಂತೆ, ಆಮೇಲೆ ತಾನೇ ಅಳಿಸಿದ್ದಾನೆ. ಈ ವಯಸ್ಸಿಗೆ ಮತ್ತೇಕೆ ಜಾಹೀರಾತು ಅನ್ನಿಸಿರಬೇಕು ಎಂದು ನನ್ನ ಊಹೆ. ತಜ್ಞರು ಹೀಗೆ ಹೇಳುವುದಿಲ್ಲ.

ಬಣ್ಣ ಬಳಿಯುವುದರಲ್ಲಿ ಮಾತ್ರ ಆಸಾಮಿ ಜಿಪುಣನಲ್ಲ. ಅವನದೊಂದು ಭಾವಚಿತ್ರದಲ್ಲಿ ಬಣ್ಣ ಎಷ್ಟು ದಪ್ಪಗಿತ್ತೆಂದರೆ, ಮೂಗು ಹಿಡಿದೇ ಚಿತ್ರವನ್ನು ನೆಲದಿಂದ ಎತ್ತಬಹುದಿತ್ತು ಎಂದು ಹದಿನೆಂಟನೇ ಶತಮಾನದ ಜೀವನಚರಿತ್ರೆಕಾರ ಹೌಬ್ರಾಕನ್ ಬರೆದಿಟ್ಟಿದ್ದಾನೆ. ಉತ್ಪ್ರೇಕ್ಷೆಯಿದ್ದೀತು. ಆದರೂ ನನಗೆ ಹುಮ್ಮಸ್ಸು ಬಂದು, ಹೊಸ ಚಿತ್ರದ ಮೂಗಿಗೆ ಚಾಕುವಿನಲ್ಲೇ ಬಣ್ಣ ಮೆತ್ತಿದ್ದೆ. ಮೂಗೂ ಈಗ ಅಷ್ಟನ್ನು ಬೇಡುವ ಗಾತ್ರಕ್ಕೆ ಬಂದಿದೆ. ಎಣ್ಣೆಬಣ್ಣ ಅಷ್ಟು ದಪ್ಪಗಾದರೆ ತಿಂಗಳುಗಟ್ಟಲೆ ಒಣಗುವುದಿಲ್ಲ.

ತರುಣನಿಗೆ ಹಾಲ್‌ನಲ್ಲಿ, ಸೋಫಾದ ಮೇಲುಗಡೆ ಮೊಳೆ ಸಿಕ್ಕಿತು. ಧೂಳು ಕೂರದಿರಲೆಂದು ನನ್ನನ್ನು ದೇವರ ಮನೆಯ ಹೊರಗೋಡೆಗೆ, ಅಪ್ಪನ ಫೋಟೋ ಪಕ್ಕ ತೂಗುಹಾಕಲಾಯಿತು. ಮಾರನೇ ಬೆಳಿಗ್ಗೆ ಮನೆಗೆಲಸದ ಹೆಂಗಸು ದಿನದಂತೆ ಅಪ್ಪನಿಗೆ ಮಲ್ಲಿಗೆ ಮುಡಿಸಿ, ಪಕ್ಕದವರನ್ನು ಬಿಟ್ಟರೆ ಏನಂದುಕೊಂಡಾರು ಎಂದು ನನಗೂ ಒಂದು ಮೊಳ ಹಾಕಿದ್ದಳು. ಒಂದು ಎಸಳು ಉದುರಿ ಮೂಗಿನ ಎಡಹೊಳ್ಳೆಗೆ ಸರಿಯಾಗಿ ಅಂಟಿಕೊಂಡಿತ್ತು.

ಕೀಳಲು ಹೋದೆ.

“ತೆಗೀಬೇಡಿ” ಎಂದಳು ನನ್ನಾಕೆ, “ಮೂಗುಬೊಟ್ಟು ಒಪ್ಪುತ್ತೆ.”